ದವಡೆಯ ತಿದ್ದುಪಡಿಯೂ ಎಲುಬಿನ ಬಂಧನದ ಸ್ಥೈರ್ಯವೂ



ಎಲುಬೆಂದರೆ ಜಡವಸ್ತುವೆಂದೂ, ಮನೆಯ ತೊಲೆಕಂಬಗಳಂತೆ ಒಮ್ಮೆ ನಿಲ್ಲಿಸಿದರೆ ನಿಲ್ಲಿಸಿದಲ್ಲಿಯೇ ಇರತಕ್ಕುದೆಂದೂ ನಮ್ಮಲ್ಲಿ ಅನೇಕರ ಭಾವನೆ. ಈ ಭಾವನೆ ನಿಜವಾಗಿದ್ದರೆ ಇಂದಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಬಹುದಾಗಿತ್ತು. ವಕ್ರವಾಗಿ ಬೆಳೆದ ದವಡೆಯನ್ನು ಕತ್ತರಿಸಬೇಕು. ಸರಿಯಾದ ಸ್ಥಾನದಲ್ಲಿಟ್ಟು ಲೋಹದಿಂದ ಬಿಗಿಯಬೇಕು. ಅಲ್ಲಿಗೆ ಕೆಲಸ ತೀರಿತು. ಆದರೆ ಎಲುಬು ಜೀವವುಳ್ಳದ್ದು. ಅದಕ್ಕೆ ರಕ್ತಸಂಚಾರವುಂಟು, ಅದನ್ನು ಹಗಲಿರುಳು ಎಳೆಯುವ ಮಾಂಸಖಂಡಗಳುಂಟು, ಸವೆಯುವ ಮತ್ತು ಮತ್ತೆ ಕಟ್ಟಿಕೊಳ್ಳುವ ಸ್ವಭಾವವುಂಟು. ಆದುದರಿಂದ ಸರಿಪಡಿಸಿದ ದವಡೆ ಇಟ್ಟ ಸ್ಥಳದಲ್ಲಿ ಉಳಿಯುವುದೇ, ಉಳಿಯದಿದ್ದರೆ ಏಕೆ, ಉಳಿಸುವುದು ಹೇಗೆ ಎಂಬ ಪ್ರಶ್ನೆಗಳು ಶಸ್ತ್ರವೈದ್ಯರನ್ನು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಡಿವೆ.

ಈ ಪ್ರಶ್ನೆಗಳನ್ನು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಮಾಡೋಣ. ಬೆಟ್ಟಕ್ಕೂ ದವಡೆಗೂ ಏನು ಸಂಬಂಧವೆಂದು ನಗರವಾಸಿಗಳಾದ ಶ್ರೋತೃಗಳು ಕೇಳಬಹುದು. ಆಸ್ಪತ್ರೆ ಬೀದಿಯ ತುದಿಯಲ್ಲಿರುವವನಿಗೆ ಬಂಧನ ತುಸು ಸಡಿಲವಾದರೂ ಆ ಸಂಜೆಯೇ ವೈದ್ಯನ ಮುಂದೆ ಕುಳಿತುಕೊಳ್ಳುವ ಅನುಕೂಲವುಂಟು. ಹೆತ್ತೂರು, ಹಾನುಬಾಳು, ಕೆಂಚಮ್ಮನ ಹೊಸಕೋಟೆಗಳ ಕಡೆಯ ಕಾಫಿತೋಟಗಳಲ್ಲಿರುವವರಿಗೆ ಆ ಅನುಕೂಲವಿಲ್ಲ. ಸಕಲೇಶಪುರ ಪಟ್ಟಣವೇ ಹಾಸನಕ್ಕೆ ಸುಮಾರು 40 ಕಿಲೋಮೀಟರು. ಪಟ್ಟಣಕ್ಕೆ ಬಂದು ಸೇರುವುದೇ ತೋಟದವರಿಗೆ ಒಂದು ಪ್ರಯಾಣ. ಮಳೆಗಾಲದಲ್ಲಂತೂ ದಾರಿಯನ್ನು ನಂಬುವಂತಿಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ರೈಲುದಾರಿಯೂ ವಾರಗಟ್ಟಲೆ ಮುಚ್ಚಿದ್ದವು. 2024ರ ಜುಲೈ ತಿಂಗಳಲ್ಲಿ ಸಕಲೇಶಪುರದ ಸಮೀಪದಲ್ಲಿಯೇ, ದೊಡ್ಡತಪ್ಪಲೆಯ ಬಳಿ, ಗುಡ್ಡದ ಮಣ್ಣು ಹೆದ್ದಾರಿಯ ಮೇಲೆ ಜಾರಿತು. ಒಂದು ಬಂಧನಕ್ರಮದ ನಿಜವಾದ ಯೋಗ್ಯತೆ ತಿಳಿಯುವುದು ವೈದ್ಯನು ದೂರವಿದ್ದಾಗಲೇ. ಆದುದರಿಂದ ಬೆಟ್ಟಸೀಮೆ ಈ ವಿಷಯಕ್ಕೆ ಒಳ್ಳೆಯ ಒರೆಗಲ್ಲು.

ಮೊದಲು ಈ ಚಿಕಿತ್ಸೆ ಯಾರಿಗೆ ಬೇಕಾಗುತ್ತದೆಂಬುದನ್ನು ನೋಡೋಣ. ಕೆಲವರಿಗೆ ಕೆಳದವಡೆ ಮಿತಿಮೀರಿ ಮುಂದಕ್ಕೆ ಬೆಳೆದು ಮುಂದಿನ ಹಲ್ಲುಗಳು ತಿರುವುಮುರುವಾಗಿ ಕೂಡುತ್ತವೆ. ಕೆಲವರಿಗೆ ಅದು ಹಿಂದೆಯೇ ಉಳಿದು ಗಲ್ಲವೇ ಇಲ್ಲದಂತೆ ಕಾಣುತ್ತದೆ. ಎಳೆಯ ವಯಸ್ಸಿನಲ್ಲಿ ಮರದಿಂದಲೋ ಮೆಟ್ಟಲಿನಿಂದಲೋ ಗಲ್ಲ ಊರಿ ಬಿದ್ದ ಮಗುವಿಗೆ ಕಿವಿಯ ಮುಂದಿರುವ ದವಡೆಯ ಕೀಲು ಪೆಟ್ಟಾಗಿ, ಒಂದು ಪಕ್ಕದ ಬೆಳೆವಣಿಗೆ ಕುಂಠಿತವಾಗಿ, ಮುಖ ಓರೆಯಾಗಬಹುದು. ಸೀಳುತುಟಿ, ಸೀಳು ಅಂಗುಳಗಳೊಡನೆ ಹುಟ್ಟಿದ ಮಕ್ಕಳಲ್ಲಿ ಮೇಲ್ದವಡೆ ಹಿಂದೆ ಬೀಳುವುದುಂಟು. ಇದು ಬರಿಯ ಅಂದಚಂದದ ಪ್ರಶ್ನೆಯಲ್ಲ. ಇಂಥವರಿಗೆ ರೊಟ್ಟಿಯನ್ನು ಕಚ್ಚಿ ಹರಿಯುವುದು ಕಷ್ಟ, ಕೆಲವು ಅಕ್ಷರಗಳ ಉಚ್ಚಾರಣೆ ಕಷ್ಟ, ಕೆಲವರಿಗೆ ನಿದ್ರೆಯಲ್ಲಿ ಉಸಿರಾಟವೂ ಕಷ್ಟ. ಹಲ್ಲಿಗೆ ತಂತಿ ಕಟ್ಟಿ ಎಳೆದುದರಿಂದ ಮಾತ್ರ ಇಂಥ ದೋಷ ತೀರುವುದಿಲ್ಲ. ಎಲುಬನ್ನೇ ಕತ್ತರಿಸಿ ಸರಿಸಬೇಕಾಗುತ್ತದೆ. ಇದಕ್ಕೆ ಪಾಶ್ಚಾತ್ಯರು ಆರ್ಥೊಗ್ನಾಥಿಕ್ ಶಸ್ತ್ರಚಿಕಿತ್ಸೆಯೆಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ಆರ್ಥೊಸ್ ಎಂದರೆ ನೇರ, ಗ್ನಾಥೊಸ್ ಎಂದರೆ ದವಡೆ.

ಈ ಕಾರ್ಯದ ಆರಂಭ 1849ರಷ್ಟು ಹಿಂದಿನದು. ಬಾಲ್ಯದಲ್ಲಿ ಬೆಂಕಿಯಿಂದ ಸುಟ್ಟು, ಕುತ್ತಿಗೆಯ ಕಲೆ ಬಿಗಿದು, ಕೆಳದವಡೆ ಉದ್ದವಾಗಿ ಎಳೆಯಲ್ಪಟ್ಟಿದ್ದ ಒಬ್ಬ ತರುಣಿಗೆ ಅಮೆರಿಕದ ವೀಲಿಂಗ್ ಪಟ್ಟಣದ ಸೈಮನ್ ಹಲ್ಲಿಹೆನ್ ಎಂಬ ವೈದ್ಯನು ದವಡೆಯನ್ನು ಕತ್ತರಿಸಿ ಹಿಂದಕ್ಕಿಟ್ಟನು. ಆಮೇಲಿನ ನೂರು ವರ್ಷಗಳಲ್ಲಿ ಅನೇಕರು ಅನೇಕ ವಿಧವಾಗಿ ಕತ್ತರಿಸಿ ನೋಡಿದರು. ಎಲುಬನ್ನು ಅಡ್ಡಲಾಗಿ ಕತ್ತರಿಸಿದರೆ ಕೂಡಬೇಕಾದ ಮುಖಗಳು ಬಹಳ ಕಿರಿದಾಗುತ್ತವೆ, ಬೆಸುಗೆ ನಿಧಾನ, ಅಷ್ಟರೊಳಗೆ ಮಾಂಸಖಂಡಗಳು ತುಂಡುಗಳನ್ನು ತಮ್ಮ ತಮ್ಮ ಕಡೆಗೆ ಎಳೆದುಬಿಡುತ್ತವೆ. ಈ ತೊಡಕನ್ನು ಬಿಡಿಸಿದವನು ಹ್ಯೂಗೋ ಓಬ್ವೆಗೆಸರ್. ಅವನ ವಿಧಾನ 1955ರಲ್ಲಿ ಜರ್ಮನ್ ಭಾಷೆಯಲ್ಲಿಯೂ 1957ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಕೆಳದವಡೆಯ ಹಿಂಭಾಗದಲ್ಲಿ ಕಿವಿಯ ಕಡೆಗೆ ಏರುವ ಎಲುಬಿನ ಹಲಗೆಯನ್ನು ಅವನು ಅಡ್ಡಲಾಗಿ ಕತ್ತರಿಸದೆ, ಅಡಕೆಯ ದಬ್ಬೆಯನ್ನು ಸೀಳುವಂತೆ, ಒಳಪದರ ಹೊರಪದರಗಳಾಗಿ ಉದ್ದಕ್ಕೆ ಸೀಳಿದನು. ಬೆಂಕಿಪೊಟ್ಟಣದ ಒಳಗೂಡನ್ನು ಸ್ವಲ್ಪ ಹೊರಕ್ಕೆ ಎಳೆದರೂ ಅದರ ಬಹುಭಾಗ ಹೊರಗೂಡಿನೊಳಗೇ ಇರುವುದಷ್ಟೆ? ಹಾಗೆಯೇ ಈ ವಿಧಾನದಲ್ಲಿ ದವಡೆಯನ್ನು ಮುಂದಕ್ಕಾಗಲಿ ಹಿಂದಕ್ಕಾಗಲಿ ಸರಿಸಿದರೂ ಎರಡು ಪದರಗಳು ಅಗಲವಾಗಿ ಒಂದನ್ನೊಂದು ಮುಟ್ಟಿಕೊಂಡೇ ಇರುತ್ತವೆ. ಮುಟ್ಟುವ ಸ್ಥಳ ಹೆಚ್ಚಿದಷ್ಟೂ ಬೆಸುಗೆ ಬೇಗ. ಮೇಲ್ದವಡೆಗೆ ಬೇರೊಂದು ದಾರಿಯಿದೆ. ಪೆಟ್ಟು ಬಿದ್ದ ಮುಖದ ಎಲುಬುಗಳು ಯಾವ ಯಾವ ರೇಖೆಗಳಲ್ಲಿ ಬಿರಿಯುತ್ತವೆಂಬುದನ್ನು ಫ್ರಾನ್ಸಿನ ರೆನೆ ಲ ಫೋರ್ 1901ರಲ್ಲಿ ತೋರಿಸಿದ್ದನು. ಆ ರೇಖೆಗಳಲ್ಲಿ ಮೊದಲನೆಯದರ ಜಾಡಿನಲ್ಲಿ, ಎಂದರೆ ಹಲ್ಲುಸಾಲಿನ ಮೇಲೆ ಮೂಗಿನ ತಳದ ಮಟ್ಟದಲ್ಲಿ, ಶಸ್ತ್ರವೈದ್ಯರು ಮೇಲ್ದವಡೆಯನ್ನು ಬಿಡಿಸಿಕೊಳ್ಳುತ್ತಾರೆ.

ಕತ್ತರಿಸುವ ಕ್ರಮ ಹೀಗೆ ನೆಲೆಗೊಂಡಿತು. ಆದರೆ ಕತ್ತರಿಸಿದ್ದನ್ನು ಹಿಡಿದು ನಿಲ್ಲಿಸುವುದು ಹೇಗೆ? ಮೊದಲಿನ ಉತ್ತರ ಉಕ್ಕಿನ ತಂತಿ. ಎಲುಬಿನ ತುಂಡುಗಳಿಗೆ ರಂಧ್ರ ಕೊರೆದು ತಂತಿ ಪೋಣಿಸಿ ತಿರುಚುತ್ತಿದ್ದರು. ಒಂಟಿ ತಂತಿ ಎಳೆತವನ್ನು ತಡೆಯುವುದೇ ಹೊರತು ತಿರುಗುವುದನ್ನೂ ಬಾಗುವುದನ್ನೂ ತಡೆಯಲಾರದು. ಆದುದರಿಂದ ಮೇಲಿನ ಹಲ್ಲುಸಾಲನ್ನು ಕೆಳಗಿನ ಹಲ್ಲುಸಾಲಿಗೆ ಸೇರಿಸಿ ಬಿಗಿದು, ಬಾಯಿಯನ್ನೇ ಆರರಿಂದ ಎಂಟು ವಾರ ಮುಚ್ಚಿಡುತ್ತಿದ್ದರು. ರೋಗಿಗೆ ಹಲ್ಲುಸಂದಿನಿಂದ ಹೀರುವ ಗಂಜಿ, ಅಂಬಲಿ, ಹಾಲು ಇವೇ ಆಹಾರ. ಶರೀರ ಬಡವಾಗುತ್ತಿತ್ತು; ಹಲ್ಲು ಉಜ್ಜುವುದು ಅಸಾಧ್ಯವಾಗಿ ಬಾಯಿ ಕೆಡುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ಭಯ ವಾಂತಿಯದು. ಬಾಯಿ ಬಿಗಿದಿರುವಾಗ ವಾಂತಿಯಾದರೆ ಅದು ಶ್ವಾಸನಾಳಕ್ಕೆ ನುಗ್ಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಬಾಯಿ ಬಿಗಿದವನ ಬಳಿ ತಂತಿ ಕತ್ತರಿಸುವ ಇಕ್ಕಳವೊಂದು ಯಾವಾಗಲೂ ಇರಬೇಕು, ಅದನ್ನು ಬಳಸಬಲ್ಲ ಒಬ್ಬರು ಹತ್ತಿರದಲ್ಲಿಯೇ ಇರಬೇಕು. ದಾರಿ ಮುಚ್ಚಿದ ರಾತ್ರಿ, ದೀಪವಿಲ್ಲದ ತೋಟದ ಮನೆಯಲ್ಲಿ, ಇಕ್ಕಳ ಹಿಡಿದ ತಾಯಿಯ ಸ್ಥಿತಿಯನ್ನು ಶ್ರೋತೃಗಳು ಊಹಿಸಿಕೊಳ್ಳಬಹುದು.

ಇಷ್ಟು ಕಷ್ಟಪಟ್ಟರೂ ಸ್ಥೈರ್ಯ ದೊರೆಯಿತೆ? ಅನೇಕರಲ್ಲಿ ದವಡೆ ಸ್ವಲ್ಪ ಸ್ವಲ್ಪವಾಗಿ ಹಳೆಯ ಕಡೆಗೆ ಸರಿಯುತ್ತಿತ್ತು. ಹಲ್ಲುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿದ್ದರೂ ಅವುಗಳ ಹಿಂದೆ ಎಲುಬು ಜಾರುತ್ತಿತ್ತು. ಕಟ್ಟು ಬಿಚ್ಚಿದ ದಿನ ಮಾತ್ರ ಸತ್ಯ ಹೊರಬೀಳುತ್ತಿತ್ತು. ಇದನ್ನು ಕಂಡ ಶಸ್ತ್ರವೈದ್ಯರು ಎಲುಬನ್ನು ನೇರವಾಗಿ ಎಲುಬಿಗೇ ಬಿಗಿಯುವ ದಾರಿಯನ್ನು ಹುಡುಕಿದರು. ಕೈಕಾಲುಗಳ ಎಲುಬಿಗೆ ಲೋಹದ ಪಟ್ಟಿಯನ್ನು ಜರ್ಮನಿಯ ಹಾನ್ಸ್‌ಮನ್ 1886ರಲ್ಲಿಯೇ ಬಳಸಿದ್ದನು. ದವಡೆಯ ತಿದ್ದುಪಡಿಗೆ ಬಂದರೆ, ಸ್ವಿಟ್ಜರ್ಲೆಂಡಿನ ಬಾಸೆಲಿನ ಬೆರ್ನ್ಡ್ ಸ್ಪೀಸೆಲ್ 1974ರಲ್ಲಿ ಸೀಳಿದ ಎರಡು ಪದರಗಳನ್ನು ಸ್ಕ್ರೂಗಳಿಂದ ಬಿಗಿಯುವುದನ್ನು ಪ್ರಕಟಿಸಿದನು. ಹೆಚ್ಚುಕಡಮೆ ಅದೇ ಕಾಲದಲ್ಲಿ ಫ್ರಾನ್ಸಿನ ಮಿಶೆಲೆ, ಅವನ ತರುವಾಯ ಸ್ಟ್ರಾಸ್‌ಬರ್ಗಿನ ಶಾಂಪಿ, ಬೆರಳಿನಿಂದ ಬಾಗಿಸಬಹುದೆನಿಸುವಷ್ಟು ತೆಳುವಾದ ಕಿರುಪಟ್ಟಿಗಳೂ ದವಡೆಯನ್ನು ನಿಲ್ಲಿಸಬಲ್ಲವೆಂದು ತೋರಿಸಿಕೊಟ್ಟರು.

ಇಷ್ಟು ತೆಳುವಾದ ಪಟ್ಟಿ ಅಗಿಯುವ ಬಲವನ್ನು ಹೇಗೆ ತಡೆಯುವುದು? ಗೊನೆ ಬಿಟ್ಟ ಬಾಳೆಯ ಗಿಡ ಗೊನೆಯ ಭಾರಕ್ಕೆ ಒಂದು ಕಡೆಗೆ ಬಾಗುತ್ತದೆ. ತೋಟದವನು ಅದನ್ನು ಎದುರು ಕಡೆಯಿಂದ ಒಂದು ಹಗ್ಗದಲ್ಲಿ ಎಳೆದು ಕಟ್ಟುತ್ತಾನೆ. ಸರಿಯಾದ ಕಡೆ ಕಟ್ಟಿದರೆ ತೆಳುವಾದ ಹಗ್ಗವೂ ಸಾಕು. ಗೊನೆಯಿರುವ ಕಡೆಯೇ ಕಟ್ಟಿದರೆ ಎಷ್ಟು ದಪ್ಪದ ಹಗ್ಗವೂ ಕೆಲಸಕ್ಕೆ ಬಾರದು. ಮುಂದಿನ ಹಲ್ಲುಗಳಿಂದ ಕಚ್ಚುವಾಗ ಕೆಳದವಡೆಯ ಹಿಂಭಾಗದಲ್ಲಿ ಮೇಲಂಚು ಬಿಚ್ಚಿಕೊಳ್ಳಲು ನೋಡುತ್ತದೆ, ಕೆಳಅಂಚು ಒತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳುವ ಅಂಚನ್ನು ಹಿಡಿದರೆ ಒತ್ತಿಕೊಳ್ಳುವ ಅಂಚನ್ನು ಎಲುಬು ತಾನೇ ನೋಡಿಕೊಳ್ಳುತ್ತದೆ. ಶಾಂಪಿ ಈ ಎಳೆತದ ರೇಖೆಗಳನ್ನು ದವಡೆಯ ಉದ್ದಕ್ಕೂ ಗುರುತಿಸಿದನು. ಪಟ್ಟಿಯ ಬಲಕ್ಕಿಂತ ಅದನ್ನಿಡುವ ಸ್ಥಾನ ದೊಡ್ಡದೆಂಬುದು ಇದರ ತಾತ್ಪರ್ಯ.

ಹೀಗೆ ಬಿಗಿಯುವುದರ ಉದ್ದೇಶವೇನೆಂಬುದನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಕತ್ತರಿಸಿದ ಸಂದಿನಲ್ಲಿ ಹೊಸ ಎಲುಬು ಹುಟ್ಟಬೇಕಾದರೆ ಅಲ್ಲಿ ಅಲುಗಾಟ ಅತ್ಯಲ್ಪವಾಗಿರಬೇಕು. ಸ್ವಿಟ್ಜರ್ಲೆಂಡಿನ ಸ್ಟೆಫಾನ್ ಪೆರೆನ್ ಎಂಬ ವಿದ್ವಾಂಸನ ಸಿದ್ಧಾಂತ ಹೀಗಿದೆ: ಗಾಯದಲ್ಲಿ ಮೊದಲು ಹುಟ್ಟುವ ಮೃದುವಾದ ಅಂಗಾಂಶ ತನ್ನ ಉದ್ದದಷ್ಟೇ ಹಿಗ್ಗಿದರೂ ಹರಿಯುವುದಿಲ್ಲ, ಮೃದ್ವಸ್ಥಿ 100ಕ್ಕೆ ಸುಮಾರು 10 ಭಾಗದಷ್ಟು ಹಿಗ್ಗುವಿಕೆಯನ್ನು ತಾಳುತ್ತದೆ, ಎಲುಬಾದರೋ 100ಕ್ಕೆ ಸುಮಾರು 2 ಭಾಗವನ್ನು ಮಾತ್ರ. ಒಂದು ಮಿಲಿಮೀಟರು ಅಗಲದ ಸಂದಿನಲ್ಲಿ ಇದು ಮಿಲಿಮೀಟರಿನ ಐವತ್ತನೆಯ ಒಂದು ಭಾಗವಾಯಿತು. ಅದಕ್ಕಿಂತ ಹೆಚ್ಚಾಗಿ ಅಲುಗುತ್ತಿದ್ದರೆ ಅಲ್ಲಿ ಎಲುಬು ನೇರವಾಗಿ ಹುಟ್ಟದೆ ಬೇರೆ ಅಂಗಾಂಶಗಳ ಮೂಲಕ ಸುತ್ತುದಾರಿಯಲ್ಲಿ ಬರಬೇಕಾಗುತ್ತದೆ. ಕಸಿ ಕಟ್ಟಿದ ಗಿಡದ ಉಪಮೆ ಇಲ್ಲಿ ಸಲ್ಲುತ್ತದೆ. ಕಸಿಯ ದಾರ ಎರಡು ಕಡ್ಡಿಗಳನ್ನು ಬೆಸೆಯುವುದಿಲ್ಲ. ಅವು ಬೆಸೆದುಕೊಳ್ಳುವವರೆಗೆ ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಟೈಟೇನಿಯಂ ಪಟ್ಟಿಯ ಕೆಲಸವೂ ಅಷ್ಟೇ. ಸ್ಕ್ರೂ ಕೊರೆಯುವ ಕೈಗೂ ಎಚ್ಚರ ಬೇಕು. ಎಲುಬು 47 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಒಂದು ನಿಮಿಷ ಇದ್ದರೆ ಸುತ್ತಣ ಜೀವಕಣಗಳು ಕೆಡುತ್ತವೆಂದು 1983ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗಗಳು ತೋರಿಸಿದವು. ಸತ್ತ ಎಲುಬಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಆದುದರಿಂದ ಉಪ್ಪುನೀರು ಹನಿಸುತ್ತ ತಂಪಾಗಿ ಕೊರೆಯತಕ್ಕದ್ದು.

ಸ್ಕ್ರೂಗಳಿಂದಲೇ ಬಿಗಿಯುವುದು, ಕಿರುಪಟ್ಟಿಯಿಂದ ಬಿಗಿಯುವುದು, ಶರೀರದಲ್ಲಿ ಕರಗುವ ಪಟ್ಟಿಯಿಂದ ಬಿಗಿಯುವುದು, ಹೀಗೆ ಮುಖ್ಯವಾಗಿ ಮೂರು ಕ್ರಮಗಳು ಇಂದು ಬಳಕೆಯಲ್ಲಿವೆ. ಎಲುಬಿನ ಎರಡು ಪದರಗಳನ್ನೂ ದಾಟುವ ಮೂರು ಸ್ಕ್ರೂಗಳನ್ನು ತ್ರಿಕೋಣಾಕಾರವಾಗಿ ಇಟ್ಟರೆ ಬಂಧನ ಬಹಳ ಗಟ್ಟಿ. ಆದರೆ ಎರಡು ಪದರಗಳ ನಡುವೆ ಕೆಳತುಟಿಗೆ ಸ್ಪರ್ಶಜ್ಞಾನವನ್ನು ಕೊಡುವ ನರವೊಂದು ಹರಿಯುತ್ತದೆ. ಸ್ಕ್ರೂವನ್ನು ಅತಿಯಾಗಿ ಒತ್ತಿ ಬಿಗಿದರೆ ಆ ನರ ನಲುಗಿ ತುಟಿ ಜೋಮು ಹಿಡಿದಂತಾಗಬಹುದು. ಆದುದರಿಂದ ಒತ್ತದೆ, ಇದ್ದ ಅಂತರದಲ್ಲಿಯೇ ಹಿಡಿದು ನಿಲ್ಲಿಸುವ ಸ್ಕ್ರೂಗಳನ್ನು ಅನೇಕರು ಇಷ್ಟಪಡುತ್ತಾರೆ. ಕಿರುಪಟ್ಟಿ ಹೊರಪದರವನ್ನು ಮಾತ್ರ ಹಿಡಿಯುತ್ತದೆ. ಅದು ತುಸು ಬಳುಕುತ್ತದೆ. ಆದರೆ ನರಕ್ಕೆ ಅಪಾಯ ಕಡಮೆ, ಬಾಯೊಳಗಿನಿಂದಲೇ ಹಾಕಬಹುದು. ಮೇಲ್ದವಡೆಗೆ ಸಾಮಾನ್ಯವಾಗಿ ನಾಲ್ಕು ಕಿರುಪಟ್ಟಿಗಳು, ಪಕ್ಕಕ್ಕೆ ಎರಡರಂತೆ, ಮೂಗಿನ ಅಂಚಿನಲ್ಲಿಯೂ ಕೆನ್ನೆಯ ಬುಡದಲ್ಲಿಯೂ ಬೇಕಾಗುತ್ತವೆ. ಕರಗುವ ಪಟ್ಟಿಗಳು ಲ್ಯಾಕ್ಟಿಕ್ ಆಮ್ಲದಿಂದಾದ ಒಂದು ಬಗೆಯ ಪ್ಲಾಸ್ಟಿಕ್ಕು. ಅವು ಕೆಲವು ತಿಂಗಳಲ್ಲಿ ಬಲಗುಂದಿ, ಬಹಳ ನಿಧಾನವಾಗಿ ಮಾಯವಾಗುತ್ತವೆ. ತೆಗೆಯಲು ಎರಡನೆಯ ಶಸ್ತ್ರಚಿಕಿತ್ಸೆ ಬೇಡ. ಆದರೆ ಲೋಹದಷ್ಟು ಬಲವಿಲ್ಲ, ದಪ್ಪ ಹೆಚ್ಚು, ಬೆಲೆಯೂ ಹೆಚ್ಚು.

ಇಲ್ಲಿಯವರೆಗೆ ಕೇಳಿದವರು ಗಟ್ಟಿಯಾದ ಬಂಧನ ದೊರೆತಮೇಲೆ ದವಡೆ ಸರಿಯುವ ಮಾತೇ ಇಲ್ಲವೆಂದು ತಿಳಿಯಬಹುದು. ಅದು ಹಾಗಲ್ಲ. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ಪ್ರಾಫಿಟ್, ಟರ್ವಿ, ಫಿಲಿಪ್ಸ್ ಎಂಬ ಮೂವರು ಅನೇಕ ವರ್ಷಗಳ ರೋಗಿಗಳ ಅಳತೆಗಳನ್ನು ಕೂಡಿಸಿ, 1996ರಲ್ಲಿ ಒಮ್ಮೆಯೂ 2007ರಲ್ಲಿ ಇನ್ನೊಮ್ಮೆಯೂ, ಸ್ಥೈರ್ಯದ ಒಂದು ಶ್ರೇಣಿಯನ್ನು ಪ್ರಕಟಿಸಿದರು. ಅದರ ಸಾರ ಹೀಗೆ: ಮೇಲ್ದವಡೆಯನ್ನು ಮೇಲಕ್ಕೆತ್ತುವುದು ಎಲ್ಲಕ್ಕಿಂತ ಸ್ಥಿರ. ಮುಖ ತೀರ ಉದ್ದವಿಲ್ಲದವರಲ್ಲಿ ಕೆಳದವಡೆಯನ್ನು ಮುಂದಕ್ಕೆ ತರುವುದೂ ಬಹಳ ಸ್ಥಿರ. ಇಂಥವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಗಣನೀಯವಾದ ಬದಲಾವಣೆ ಆಗುವುದಿಲ್ಲ. ಮೇಲ್ದವಡೆಯನ್ನು ಮುಂದಕ್ಕೆ ತರುವುದು ಅದರ ಕೆಳಗಿನ ಮೆಟ್ಟಿಲು. ಎರಡು ದವಡೆಗಳನ್ನೂ ಒಟ್ಟಿಗೆ ಸರಿಸುವುದು ಗಟ್ಟಿಯಾದ ಬಂಧನವಿದ್ದರೆ ಮಾತ್ರ ಸ್ಥಿರ. ಕೆಳದವಡೆಯೊಂದನ್ನೇ ಹಿಂದಕ್ಕಿಡುವುದು, ಮೇಲ್ದವಡೆಯನ್ನು ಕೆಳಕ್ಕಿಳಿಸುವುದು, ಅಂಗುಳನ್ನು ಅಗಲಿಸುವುದು, ಈ ಮೂರು ತೊಡಕಿನವು; ಮರಳಿ ಸರಿಯುವ ಸಂಭವ ಇವುಗಳಲ್ಲಿಯೇ ಹೆಚ್ಚು.

ಈ ಶ್ರೇಣಿಯ ಅರ್ಥವನ್ನು ಗಮನಿಸಬೇಕು. ಸ್ಥೈರ್ಯವನ್ನು ಮೊದಲು ನಿರ್ಣಯಿಸುವುದು ಎಲುಬನ್ನು ಯಾವ ದಿಕ್ಕಿಗೆ ಸರಿಸಿದರೆಂಬುದು. ಯಾವ ಪಟ್ಟಿ ಹಾಕಿದರೆಂಬುದು ಅದರ ತರುವಾಯದ ಮಾತು. ಮೇಲ್ದವಡೆಯನ್ನು ಮೇಲಕ್ಕಿಟ್ಟರೆ ಅಗಿಯುವ ಬಲವೇ ಅದನ್ನು ಅಲ್ಲಿಗೆ ಒತ್ತಿ ಹಿಡಿಯುತ್ತದೆ. ಕೆಳಕ್ಕಿಳಿಸಿದರೆ ಅದೇ ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಕೆಳದವಡೆಯನ್ನು ಬಹಳ ಮುಂದಕ್ಕೆ ಎಳೆದರೆ ಗಲ್ಲದಿಂದ ಕುತ್ತಿಗೆಯ ಕಡೆಗೆ ಹೋಗುವ ಮಾಂಸಖಂಡಗಳು ಹಿಗ್ಗಿ, ಅದನ್ನು ಹಿಂದಕ್ಕೆ ಸೆಳೆಯುತ್ತವೆ. ಹಿಂದಕ್ಕಿಡುವಾಗ ಕಿವಿಯ ಕಡೆಯ ತುಂಡನ್ನೂ ಅರಿಯದೆ ಹಿಂದಕ್ಕೆ ತಳ್ಳಿದ್ದರೆ, ಅದಕ್ಕೆ ಹಬ್ಬಿದ ಅಗಿಯುವ ಮಾಂಸಖಂಡಗಳು ಅದನ್ನು ತಮ್ಮ ಹಳೆಯ ಸ್ಥಾನಕ್ಕೆ ಎಳೆದುಕೊಳ್ಳುತ್ತವೆ. ಅದರೊಡನೆ ಗಲ್ಲವೂ ಮುಂದೆ ಬರುತ್ತದೆ. ಇಲ್ಲಿ ಬಂಧನ ಗಟ್ಟಿಯಾದಷ್ಟೂ ತಪ್ಪೂ ಗಟ್ಟಿಯಾಗಿಯೇ ನಿಲ್ಲುತ್ತದೆ. ಬಾಗಿಲನ್ನು ಚೌಕಟ್ಟಿಗೆ ಸರಿಯಾಗಿ ಕೂರಿಸದೆ ತಿರುಗಣಿಯ ಮೊಳೆಗಳನ್ನು ಬಿಗಿದ ಬಡಗಿಯ ಕೆಲಸದಂತೆ, ಕೀಲಿನ ತಲೆ ತನ್ನ ಗುಂಡಿಯಲ್ಲಿ ಸರಿಯಾಗಿ ಕೂಡದೆ ಸ್ಕ್ರೂ ಬಿಗಿದರೆ, ರೋಗಿ ಎಚ್ಚೆತ್ತು ಬಾಯಿ ಮುಚ್ಚಿದೊಡನೆಯೇ ಹಲ್ಲುಗಳು ತಪ್ಪಿ ಕೂಡುತ್ತವೆ. ತಂತಿ ಸಣ್ಣ ತಪ್ಪನ್ನು ಕ್ಷಮಿಸುತ್ತಿತ್ತು; ಸ್ಕ್ರೂ ಕ್ಷಮಿಸುವುದಿಲ್ಲ.

ಇನ್ನು ಮೊದಲ ವರ್ಷ ಕಳೆದಮೇಲೆಯೂ ಕೆಲವರಲ್ಲಿ ಕೀಲಿನ ತಲೆಯೇ ಸವೆದು ದವಡೆ ಹಿಂದೆ ಸರಿಯುವುದುಂಟು. ಚಿಕ್ಕ ಗಲ್ಲವೂ ಉದ್ದನೆಯ ಮುಖವೂ ಇರುವ ತರುಣಿಯರಲ್ಲಿ ಇದು ಹೆಚ್ಚು. ಇದನ್ನು ಯಾವ ಪಟ್ಟಿಯೂ ತಡೆಯಲಾರದು. ಆದುದರಿಂದಲೇ ಚಿಕಿತ್ಸೆಯ ತರುವಾಯ ವರ್ಷಗಟ್ಟಲೆ ಆಗಾಗ್ಗೆ ಪರೀಕ್ಷೆ ಅವಶ್ಯ.

ಈಗ ಬೆಟ್ಟಸೀಮೆಗೆ ಹಿಂದಿರುಗೋಣ. ಪಟ್ಟಿ ಸ್ಕ್ರೂಗಳ ಬಂಧನ ಅಲ್ಲಿನವರಿಗೆ ಕೊಟ್ಟ ದೊಡ್ಡ ಉಪಕಾರವೆಂದರೆ ತೆರೆಯುವ ಬಾಯಿ. ಬಾಯಿಯನ್ನು ವಾರಗಟ್ಟಲೆ ಬಿಗಿಯಬೇಕಾಗಿಲ್ಲ; ಹಲ್ಲಿನ ಕೊಕ್ಕೆಗಳಿಗೆ ಸಿಕ್ಕಿಸಿದ ರಬ್ಬರು ಬಳೆಗಳು ದವಡೆಗೆ ದಾರಿ ತೋರಿಸುತ್ತವೆ, ರೋಗಿಯೇ ಅವನ್ನು ತೆಗೆದು ಹಾಕಬಹುದು. ವಾಂತಿಯಾದರೆ ಭಯವಿಲ್ಲ, ಹಲ್ಲು ಉಜ್ಜಬಹುದು, ಮಾತನಾಡಬಹುದು. ಆದರೆ ಬಾಯಿ ತೆರೆಯಿತೆಂದು ಎಲುಬು ಕೂಡಿತೆಂದು ಭಾವಿಸಬಾರದು. ಪಟ್ಟಿ ಹಾಕಿದವನಿಗೂ ಎಲುಬು ಕೂಡಲು ಬೇಕಾದ ಆರು ವಾರಗಳು ಬೇಕೇ ಬೇಕು. ಅಷ್ಟು ಕಾಲ ಗಂಜಿ, ರಾಗಿಯ ಅಂಬಲಿ, ಮೆತ್ತಗೆ ಬೇಯಿಸಿ ಕಲಸಿದ ಅನ್ನ. ಅಕ್ಕಿರೊಟ್ಟಿ, ಹುರಿಗಡಲೆ, ಎಲುಬಿನ ಮಾಂಸ ವರ್ಜ್ಯ. ಹೊಗೆಸೊಪ್ಪು ಯಾವ ರೂಪದಲ್ಲಿಯೂ ಕೂಡದು. ಅದು ಎಲುಬಿನ ಬೆಸುಗೆಯನ್ನು ತಡಮಾಡುತ್ತದೆ. ಮರವೇರಿ ನೆರಳು ಕಡಿಯುವುದು, ಮೆಣಸು ಬಿಡಿಸಲು ಏಣಿ ಹತ್ತುವುದು, ಇವು ವೈದ್ಯನ ಅಪ್ಪಣೆಯಿಲ್ಲದೆ ಸಲ್ಲವು.

ಕಾಲದ ಆಯ್ಕೆಯೂ ಚಿಕಿತ್ಸೆಯ ಒಂದು ಭಾಗವೇ ಆಗಿದೆ. ಬೆಳೆವಣಿಗೆ ನಿಂತಮೇಲೆ ಈ ಶಸ್ತ್ರಚಿಕಿತ್ಸೆ ಮಾಡುವುದು ವಾಡಿಕೆ. ಅದಕ್ಕೆ ಮುಂಚೆ ಹಲ್ಲುಗಳನ್ನು ತಂತಿ ಕಟ್ಟಿ ಸಾಲುಗೊಳಿಸಲು ಸಾಮಾನ್ಯವಾಗಿ ಒಂದು ವರ್ಷಕ್ಕೂ ಮೇಲ್ಪಟ್ಟು ಬೇಕು. ಇಷ್ಟು ಮುಂಚಿತವಾಗಿ ತಿಳಿದಿರುವ ಕಾರ್ಯದ ದಿನವನ್ನು ಜೂನ್, ಜುಲೈ ತಿಂಗಳುಗಳಿಗೆ ಇಟ್ಟುಕೊಳ್ಳುವುದು ವಿವೇಕವಲ್ಲ. ಮೊದಲ ಆರು ವಾರಗಳಲ್ಲಿ ಪದೇ ಪದೇ ವೈದ್ಯನ ಕಣ್ಣಿಗೆ ಬೀಳಬೇಕು. ದಾರಿ ಮುಚ್ಚುವ ಕಾಲದಲ್ಲಿ ಅದು ಆಗದು. ಕಾಫಿಕೊಯ್ಲಿನ ತಿಂಗಳುಗಳಲ್ಲಿ ತೋಟ ಬಿಟ್ಟು ಬರುವುದು ಕಷ್ಟವೆಂಬುದನ್ನು ಬಲ್ಲೆವು. ಕೊಯ್ಲು ಮುಗಿದು ಮುಂಗಾರು ಹಿಡಿಯುವ ನಡುವಣ ಬೇಸಗೆಯೇ ಯೋಗ್ಯವಾದ ಕಾಲವೆಂದು ನಮಗೆ ತೋರುತ್ತದೆ. ಹಾಸನದಲ್ಲಿಯೇ ಶ್ರೀ ಹಾಸನಾಂಬ ದಂತವೈದ್ಯ ಕಾಲೇಜು ಇದೆ. ಘಾಟಿಯ ಕೆಳಗೆ ಮಂಗಳೂರು, ಮಣಿಪಾಲಗಳಲ್ಲಿಯೂ, ಪೂರ್ವಕ್ಕೆ ಬೆಂಗಳೂರಿನಲ್ಲಿಯೂ ದಂತವೈದ್ಯ ಕಾಲೇಜುಗಳಿವೆ. ಶಸ್ತ್ರಚಿಕಿತ್ಸೆ ಎಲ್ಲಿಯೇ ಆಗಲಿ, ತರುವಾಯದ ಪರೀಕ್ಷೆ ಆದಷ್ಟು ಹತ್ತಿರದಲ್ಲಿ, ಘಾಟಿ ದಾಟದೆ ದೊರೆಯುವಂತೆ ಮೊದಲೇ ಏರ್ಪಡಿಸಿಕೊಳ್ಳುವುದು ಲೇಸು.

ಶ್ರೋತೃಗಳಲ್ಲಿ ಯಾರಿಗಾದರೂ, ಅಥವಾ ಅವರ ಮನೆಯ ಮಕ್ಕಳಿಗೆ, ಇಂಥ ಚಿಕಿತ್ಸೆಯ ಪ್ರಸಕ್ತಿ ಬಂದರೆ ವೈದ್ಯನನ್ನು ನಾಲ್ಕು ಪ್ರಶ್ನೆ ಕೇಳುವುದು ಒಳ್ಳೆಯದು. ನಮ್ಮ ದವಡೆಯನ್ನು ಯಾವ ದಿಕ್ಕಿಗೆ, ಎಷ್ಟು ಮಿಲಿಮೀಟರು ಸರಿಸುತ್ತೀರಿ? ಆ ದಿಕ್ಕಿನಲ್ಲಿ ಮರಳಿ ಸರಿಯುವ ಸಂಭವವೆಷ್ಟು? ಯಾವ ಬಂಧನ ಹಾಕುತ್ತೀರಿ, ಅದನ್ನು ಮುಂದೆ ತೆಗೆಯಬೇಕೆ? ಹಲ್ಲು ಕೂಡುವ ಬಗೆ ಬದಲಾದಂತೆ ಕಂಡರೆ ಎಷ್ಟು ದಿನದೊಳಗೆ ಬರಬೇಕು? ಲೋಹ ಯಾವ ದೇಶದ್ದೆಂದು ಮಾತ್ರ ಕೇಳಿ ಸುಮ್ಮನಾಗುವವರು ಈ ನಾಲ್ಕನ್ನು ಕೇಳಿದರೆ ಹೆಚ್ಚು ಪ್ರಯೋಜನವನ್ನು ಪಡೆಯುತ್ತಾರೆ.

ಕೊನೆಯದಾಗಿ ಒಂದು ಮಾತು. ತಂತಿಯಿಂದ ಸ್ಕ್ರೂವಿಗೆ, ಸ್ಕ್ರೂವಿನಿಂದ ಕಿರುಪಟ್ಟಿಗೆ, ಅದರಿಂದ ಕರಗುವ ಪಟ್ಟಿಗೆ ಬಂದ ಈ ಚರಿತ್ರೆಯನ್ನು ಲೋಹದ ವಿಜಯವೆಂದು ಎಣಿಸಬಾರದು. ಬಲವಾದ ಎಳೆತವನ್ನು ಬಲದಿಂದ ಗೆಲ್ಲುವುದಕ್ಕಿಂತ, ಆ ಎಳೆತ ಎಲ್ಲಿಂದ ಬರುತ್ತದೆಂಬುದನ್ನು ಅರಿತು ಅದಕ್ಕೆ ಹೊಂದಿಕೊಂಡು ಕೆಲಸಮಾಡುವುದನ್ನು ಶಸ್ತ್ರವೈದ್ಯರು ಕ್ರಮೇಣ ಕಲಿತರು. ಪಟ್ಟಿ ಕೆಲವು ವಾರಗಳ ಕಾವಲುಗಾರ. ಮನೆಯ ಯಜಮಾನ ಎಲುಬೇ. ಯಜಮಾನನು ತನ್ನ ಮನೆಯನ್ನು ವಹಿಸಿಕೊಳ್ಳುವವರೆಗೆ ಕಾವಲುಗಾರನಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ವೈದ್ಯನ ಕರ್ತವ್ಯವೂ ಹೌದು, ರೋಗಿಯ ಕರ್ತವ್ಯವೂ ಹೌದು.